ಟೋಕಿಯೊ ಮಹಿಳಾ ಟ್ರಿಪಲ್ ಜಂಪ್ ಫೈನಲ್, ಮತ್ತ ನಮ್ಮ ಹುಡುಗ್ಯಾರ ನಡುವಿನ ಹೆಜ್ಜೆ

ಪಿ.ಟಿ. ಮಾಸ್ತರ, ಬಾಗಲಕೋಟೆ ಜಿಲ್ಲೆ

2025ರ ಸೆಪ್ಟೆಂಬರ್ 18ರ ಸಂಜಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನ ಜಾವೆಲಿನ್ ಫೈನಲ್ ಎಲ್ಲಾರೂ ನೋಡಿರ್ತೀರಿ. ನೀರಜ್ ಎಂಟನೇದಂವ ಆದ, ಸಚಿನ್ ಯಾದವ್ 86.27 ಒಗದು ನಾಲ್ಕನೇ ಸ್ಥಾನಕ್ಕ ನಿಂತ. ನೀರಜ್‌ದು ಮುಗೀತು ಅಂದ್ರ ಟೀವಿ ಬಂದ್ ಮಾಡೋ ಮಂದಿ ನಾವು. ಅದೇ ಸಂಜಿ, ಅದೇ ಮೈದಾನದಾಗ ಮಹಿಳೆಯರ ಟ್ರಿಪಲ್ ಜಂಪ್, ಅಂದ್ರ ಓಡಿ ಬಂದು ಒಂದರ ಹಿಂದ ಒಂದು ಮೂರು ಸಲ ಹಾರಿ ಉಸುಕಿಗೆ ಬೀಳೂ ಆಟದ ಫೈನಲ್ ಆತು. ನೋಡಿದವರು ಯಾರರ ಇದ್ದೀರೇನು?

ಕ್ಯೂಬಾದ ಲೆಯಾನಿಸ್ ಪೆರೆಸ್ 14.94 ಮೀಟರ್, ಚಿನ್ನ. ಡೊಮಿನಿಕಾದ ಥಿಯಾ ಲಾಫಾಂಡ್ 14.89, ಬೆಳ್ಳಿ. ವೆನೆಜುವೆಲಾದ ಯುಲಿಮಾರ್ ರೋಹಾಸ್ 14.76, ಕಂಚು. ರೋಹಾಸ್ ಅಂದ್ರ 15.74 ಜಿಗಿದಾಕಿ. 2024ರಾಗ ಹಿಮ್ಮಡಿ ಮೇಲಿನ ಸ್ನಾಯುರಜ್ಜು, ಅಕಿಲೀಸ್, ಹರಿದು ಪ್ಯಾರಿಸ್ ಒಲಿಂಪಿಕ್ಸೇ ತಪ್ಪಿತ್ತು. ಅಂಥಾ ಗಾಯದಿಂದ ಎದ್ದು ಬಂದು ಪದಕ ಹಿಡದಾಳ.

ನಾ ಈ ವಿಷಯ ತಗದದ್ದು ಪದಕದ ಸಲುವಾಗಿ ಅಲ್ಲ. ಅವರ ಜಿಗಿತ ನಿಧಾನ ಮಾಡಿ ತೋರಿಸಿದಾಗ ನಡುವಿನ ಹೆಜ್ಜೆ ನೋಡ್ರಿ. ಮೊದಲ ಹಾರಿಕೆ ಮುಗಿಸಿ ಅದೇ ಕಾಲ ಮ್ಯಾಲ ಇಳೀತಾರ, ಅಲ್ಲಿಂದ ಇನ್ನೊಂದು ಕಾಲಿಗೆ ಹಾರಬೇಕಾದ್ರ ಗಾಳಿಯೊಳಗ ತೊಡಿ ನೆಲಕ್ಕ ಸಮಾಂತರ ನಿಂತುಬಿಡತೈತಿ. ನಮ್ಮ ಸಾಲಿ ಹುಡುಗ್ಯಾರು ಏನ್ ಮಾಡ್ತಾರ? ಮೊದಲನೇದು ಜೋರ ಹಾರ್ತಾರ, ಮೂರನೇದು ಉದ್ದ ಜಿಗಿತದಂಗ ಹಾರ್ತಾರ, ನಡುವಿಂದು ಬರೇ ಕಾಲು ಊರಿ ದಾಟೂದು. ಅಲ್ಲೇ ಒಂದು ಮೀಟರ್ ಹೋಗಿರತೈತಿ. ಉದ್ದ ಜಿಗಿತದಾಗ ತಾಲೂಕಿಗೆ ಮೊದಲ ಬಂದ ಹುಡುಗಿ ಟ್ರಿಪಲ್ ಜಂಪ್‌ನ್ಯಾಗ ಹಿಂದ ಬೀಳೂದು ಇದರ ಸಲುವಾಗೇ.

ನಿಮ್ಮ ಸಾಲ್ಯಾಗ ಇದನ್ನ ಹೆಂಗ ಕಲಸ್ತೀರಿ? ಬೆಳಗಾವಿ, ವಿಜಯಪುರದ ಮಾಸ್ತರ ಮಂದಿ, ಹಳೇ ಆಟಗಾರರು ಹೇಳ್ರಿ.

ಅಂಕಿ ಆಸಾಮಿ, ವಿಜಯಪುರ

ನೋಡಿದೆ ಸರ್. ಪೆರೆಸ್ ಗೆದ್ದದ್ದು ಆಶ್ಚರ್ಯವಲ್ಲ. 2023ರ ಬುಡಾಪೆಸ್ಟ್‌ನಲ್ಲಿ 14.96 ಜಿಗಿದು ಕಂಚು ಪಡೆದಿದ್ದರು, 2025ರ ಮಾರ್ಚ್‌ನಲ್ಲಿ ನಾನ್‌ಜಿಂಗ್‌ನ ಒಳಾಂಗಣ ವಿಶ್ವ ಕೂಟದಲ್ಲಿ ಚಿನ್ನ. ಅಂದರೆ ಬುಡಾಪೆಸ್ಟ್‌ನಲ್ಲಿ ಕಂಚಿಗೆ ಸಾಕಾದದ್ದಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ ಜಿಗಿದು ಈ ಸಲ ಚಿನ್ನ. ಈ ಆಟ ಹೀಗೇ, ಅವತ್ತು ಯಾರು ಬೋರ್ಡ್, ಅಂದರೆ ಓಡಿ ಬಂದು ಜಿಗಿಯಲು ಕಾಲೂರುವ ಹಲಗೆ, ಸರಿಯಾಗಿ ಹಿಡಿದರೋ ಅವರದ್ದು.

ಆ ಬುಡಾಪೆಸ್ಟ್ ಫೈನಲ್ ಸಿಕ್ಕರೆ ದಯವಿಟ್ಟು ನೋಡಿ. ರೋಹಾಸ್‌ಗೆ ಕೊನೆಯ ಜಿಗಿತದವರೆಗೂ ಪದಕವೇ ಇರಲಿಲ್ಲ. ಉಕ್ರೇನಿನ ಮರೀನಾ ಬೆಖ್ ರೊಮಾಂಚುಕ್ 15.00 ಜಿಗಿದು ಮುಂದಿದ್ದರು. ಆರನೇ ಪ್ರಯತ್ನದಲ್ಲಿ ರೋಹಾಸ್ 15.08. ಅದಕ್ಕೂ ಹಿಂದೆ 2017ರ ಲಂಡನ್‌ನಲ್ಲಿ ರೋಹಾಸ್ 14.91, ಕೊಲಂಬಿಯಾದ ಕ್ಯಾಟರೀನ್ ಇಬಾರ್ಗ್ವೆನ್ 14.89. ಎರಡೇ ಸೆಂಟಿಮೀಟರ್.

ಮಹಿಳೆಯರ ವಿಭಾಗದ ಇತಿಹಾಸ ಮಾತ್ರ ಬಹಳ ಚಿಕ್ಕದು. ಪುರುಷರ ಟ್ರಿಪಲ್ ಜಂಪ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಇತ್ತು. ಮಹಿಳೆಯರದ್ದು ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಚೀನಾದ ಲೀ ಹುಯಿರೊಂಗ್ 1990ರಲ್ಲಿ ಜಿಗಿದ 14.54 ಮೊದಲ ಅಧಿಕೃತ ವಿಶ್ವ ದಾಖಲೆ. ವಿಶ್ವ ಚಾಂಪಿಯನ್‌ಷಿಪ್‌ಗೆ 1993ರಲ್ಲಿ ಸೇರಿತು. ಆಮೇಲೆ 1995ರ ಗೋಥೆನ್‌ಬರ್ಗ್: ಉಕ್ರೇನಿನ ಇನೆಸಾ ಕ್ರಾವೆಟ್ಸ್ ಮೊದಲೆರಡು ಪ್ರಯತ್ನ ಫೌಲ್, ಮೂರನೆಯದು ತಪ್ಪಿದ್ದರೆ ಮನೆಗೆ. ಮೂರನೆಯದಕ್ಕೆ 15.50! ಅದು ಇಪ್ಪತ್ತಾರು ವರ್ಷ ಉಳಿಯಿತು. 2021ರಲ್ಲಿ ಅದೇ ಟೋಕಿಯೊದಲ್ಲಿ ರೋಹಾಸ್ 15.67 ಜಿಗಿದು ಮುರಿದರು, ಮರುವರ್ಷ ಬೆಲ್‌ಗ್ರೇಡ್‌ನ ಒಳಾಂಗಣದಲ್ಲಿ 15.74.

ಗೋಕಾಕ ಫಾಲ್ಸ್, ಬೆಳಗಾವಿ ಜಿಲ್ಲೆ

ನೂರು ವರ್ಷ ಯಾಕ ಕಾಯಿಸಿದ್ರಂತ? ನೂರು ಮೀಟರ್ ಓಡಾಕ 1928ರಾಗೇ ಬಿಟ್ಟಿದ್ರಲ್ಲಾ ಹೆಣ್ಮಕ್ಕಳನ್ನ.

ಹಳೇ ಸ್ಪೈಕ್ಸ್, ಬೆಳಗಾವಿ

ಅದಕ್ಕ ಉತ್ತರ ನಾ ಹೇಳ್ತೀನಿ. ನಾ ಸಾಲಿ ಕಾಲೇಜಿನ್ಯಾಗ ಜಿಗಿದಾಕಿ, ಟ್ರಿಪಲ್ ಜಂಪೇ ನನ್ನ ಆಟ. “ಹೊಟ್ಟಿ ಅಲುಗತೈತಿ, ಗರ್ಭಕೋಶ ಜಾರತೈತಿ, ನಾಳೆ ಮಕ್ಕಳಾಗಂಗಿಲ್ಲ.” ಇದನ್ನ ನಮ್ಮ ಅಜ್ಜಿ ಒಬ್ಬಾಕೀನೇ ಹೇಳ್ತಿದ್ಲು ಅಂದ್ಕೊಂಡಿದ್ದೆ. ಯುರೋಪಿನ ದೊಡ್ಡ ದೊಡ್ಡ ಡಾಕ್ಟರ್‌ಗಳೂ ಒಂದು ಕಾಲಕ್ಕ ಹೆಂಗಸರ ಆಟಕ್ಕ ಇದೇ ಕಾರಣ ಕೊಡ್ತಿದ್ರಂತ ಆಮ್ಯಾಲ ಗೊತ್ತಾತು. ಅಜ್ಜಿದು ಮಾಫ್, ಆಕಿ ಸಾಲಿಗೆ ಹೋಗಿರಲಿಲ್ಲ. ನನಗ ಈಗ ಎರಡು ಮಕ್ಕಳು, ಹೊಟ್ಟಿ ತನ್ನ ಜಾಗಾದಾಗೇ ಐತಿ.

ಮಾಸ್ತರ ಕೇಳಿದ ನಡುವಿನ ಹೆಜ್ಜೆ ವಿಷಯಕ್ಕ ಬರೂಣು. ಸರ್ರ, ನೀವು ನೋಡಿದ್ದು ಖರೇ ಐತಿ. ಆದ್ರ ಹುಡುಗ್ಯಾರು ನಡುವಿನ ಹೆಜ್ಜೆ ಹಾರೂದಿಲ್ಲ ಅನ್ನೂದಕ್ಕಿಂತ, ಹಾರಾಕ ಅವರ ಕಡೆ ಏನೂ ಉಳದಿರಂಗಿಲ್ಲ. ಮೊದಲನೇ ಹಾರಿಕೆ ಭಾಳ ಎತ್ತರ ಹಾರ್ತಾರ. ಮ್ಯಾಲಿಂದ ಬಿದ್ದಷ್ಟು ಕಾಲ ಮ್ಯಾಲ ಭಾರ ಜಾಸ್ತಿ, ಮಣಕಾಲು ಕುಸೀತೈತಿ, ಓಡಿ ಬಂದ ವೇಗ ಅಲ್ಲೇ ಸಾಯತೈತಿ. ಮೊದಲನೇದನ್ನ ತಗ್ಗಿಸಿ, ಚಪ್ಪಟಿ ಮಾಡಿ ಮುಂದಕ್ಕ ಹೋಗು ಅಂತ ಹೇಳ್ರಿ. ಮೊದಮೊದಲ ದೂರ ಕಮ್ಮಿ ಬಂದಂಗ ಕಾಣತೈತಿ, ಅಂಜಬ್ಯಾಡ್ರಿ.

ಇನ್ನೊಂದು. ನಮ್ಮ ಹುಡುಗ್ಯಾರಿಗೆ ಈ ಆಟದ ಮೊದಲನೇ ಪಾಠ ಯಾರೂ ಕಲಸಬೇಕಾಗಿಲ್ಲ. ಅಂಗಳದಾಗ ಕುಂಟಾಟ ಆಡಿ ಬೆಳದ ಹುಡುಗಿಗೆ ಒಂದೇ ಕಾಲ ಮ್ಯಾಲ ಇಳದು ಅದೇ ಕಾಲಿಂದ ಏಳೂದು ಮೈಯಾಗೇ ಇರತೈತಿ. ಅದನ್ನ ಉದ್ದ ಮಾಡೂದಷ್ಟೇ ನಮ್ಮ ಕೆಲಸ. ಎರಡೂ ಕಾಲಿಗೆ ಸಮ ಕುಂಟಿಸ್ರಿ. ಒಂದೇ ಕಾಲು ಗಟ್ಟಿಯಾದ್ರ ನಡುವಿನ ಹೆಜ್ಜೆ ಇಳಿಯೂ ಕಾಲು ಸೊರಗತೈತಿ, ಮೂರನೇ ಜಿಗಿತ ಆ ಕಾಲಿಂದನೇ ಏಳಬೇಕಲ್ಲಾ!

ಸುಣ್ಣದ ಗೆರಿ, ಬಾಗಲಕೋಟೆ

ಹಳೇ ಸ್ಪೈಕ್ಸ್ ಅಕ್ಕಾರು ಹೇಳಿದ್ದು ಸರಿ. ನಾನು ಕೂಟಗಳಾಗ ಬಾವುಟ ಹಿಡಿಯಂವ. ಹುಡುಗ್ಯಾರು ನಡುವಿನ ಹೆಜ್ಜೆ ಹಾಕೂವಾಗ ಹಿಂದಿನ ಕಾಲು ನೆಲಕ್ಕ ಉಜ್ಜತೈತಿ. ಅದಕ್ಕ ಫೌಲ್ ಕೊಡೂದು ಭಾಳ ಆಗತೈತಿ ನಮ್ಮಲ್ಲೆ. ಅದನ್ನೂ ಅಭ್ಯಾಸದಾಗ ತಿದ್ದಬೇಕು.

ಹಳೇ ಸ್ಪೈಕ್ಸ್, ಬೆಳಗಾವಿ

ಅಣ್ಣಾರ, ಅದಕ್ಕ ಫೌಲ್ ಕೊಡಾಂಗೇ ಇಲ್ಲ!

ಸುಣ್ಣದ ಗೆರಿ, ಬಾಗಲಕೋಟೆ

ಮೊದಲಿಂದ ಕೊಡ್ತಾ ಬಂದೇವ್ರಿ. ಮೂರು ಸಲ ನೆಲ ಮುಟ್ಟಬೇಕಾದದ್ದು ನಾಲ್ಕು ಸಲ ಮುಟ್ಟಿದ್ರ ಅದು ಟ್ರಿಪಲ್ ಜಂಪ್ ಹೆಂಗಾದೀತು?

ಅಂಕಿ ಆಸಾಮಿ, ವಿಜಯಪುರ

ವಿಶ್ವ ಅಥ್ಲೆಟಿಕ್ಸ್ ತಾಂತ್ರಿಕ ನಿಯಮ 27 ತೆಗೆದು ನೋಡಿ. ಜಿಗಿಯುವಾಗ ಕೆಲಸವಿಲ್ಲದ ಕಾಲು ನೆಲ ಮುಟ್ಟಿದರೆ ಅದನ್ನು ವಿಫಲ ಜಿಗಿತ ಎಂದು ಎಣಿಸಬಾರದು ಎಂದು ಸ್ಪಷ್ಟವಾಗಿದೆ. ಹಿಂದೊಂದು ಕಾಲದಲ್ಲಿ ಅದು ಫೌಲ್ ಆಗಿತ್ತು, ಬಿಟ್ಟು ದಶಕಗಳಾದವು. ಕಾಲುಗಳ ಕ್ರಮ ತಪ್ಪಿದರೆ ಮಾತ್ರ ಫೌಲ್. ಎಡಗಾಲಿನಿಂದ ಎದ್ದರೆ ಎಡಗಾಲಿನ ಮೇಲೇ ಇಳಿಯಬೇಕು, ಆಮೇಲೆ ಬಲಗಾಲು, ಆಮೇಲೆ ಉಸುಕು. ಬೋರ್ಡ್ ಗೆರೆ ದಾಟಿದರೂ ಅಷ್ಟೇ. ಹಿಂದೆ ಗೆರೆಯಾಚೆ ಹಾಕಿದ ಪ್ಲಾಸ್ಟಿಸಿನ್ ಎಂಬ ಮೆತ್ತನೆಯ ಜೇಡಿಯಂಥ ಪಟ್ಟಿಯ ಮೇಲೆ ಗುರುತು ಬಿದ್ದಿದೆಯೇ ಎಂದು ನೋಡುತ್ತಿದ್ದರು, 2021ರ ಕೊನೆಯಿಂದ ಶೂನ ತುದಿ ಗೆರೆಯ ನೇರವನ್ನು ಗಾಳಿಯಲ್ಲಿ ದಾಟಿದರೂ ಫೌಲ್. ದೊಡ್ಡ ಕೂಟಗಳಲ್ಲಿ ಕ್ಯಾಮೆರಾ ಹೇಳುತ್ತದೆ.

ಹಳೇ ಸ್ಪೈಕ್ಸ್, ಬೆಳಗಾವಿ

ವಿಭಾಗ ಮಟ್ಟದ ಕೂಟದಾಗ ನನಗೂ ಇದೇ ಕಾರಣಕ್ಕ ಕೆಂಪು ಬಾವುಟ ಬಿದ್ದಿತ್ತು. ಆಗ ನಿಯಮ ಗೊತ್ತಿರಲಿಲ್ಲ, ಅತ್ತು ಬಸ್ ಹತ್ತಿದೆ. ಇವತ್ತಿನ ಹುಡುಗ್ಯಾರ ಫೋನಿನ್ಯಾಗ ಆ ನಿಯಮದ ಪುಟ ಇರ್ಲಿ ಅಂತ ಹೇಳಾಕತ್ತೀನಿ.

ಸುಣ್ಣದ ಗೆರಿ, ಬಾಗಲಕೋಟೆ

ನಿಯಮ ಓದಿದೆ, ನೀವು ಹೇಳಿದಂಗೇ ಐತಿ. ಈ ಸಲ ಕೂಟದ ಮುಂಚೆ ನಮ್ಮ ಬಾವುಟ ಹಿಡಿಯೂ ಮಂದಿಗೆಲ್ಲಾ ಪ್ರಿಂಟ್ ತಗದು ಕೊಡ್ತೀನಿ. ಆದ್ರ ಅಕ್ಕಾರ, ಒಂದು ಬೋರ್ಡಿನ ಮ್ಯಾಲ ಒಬ್ಬನೇ ಕುಂತು ಗೆರಿನೂ ನೋಡಬೇಕು, ಕಾಲಿನ ಕ್ರಮಾನೂ ನೋಡಬೇಕು, ಟೇಪೂ ಹಿಡೀಬೇಕು. ಅಲ್ಲಿ ಕ್ಯಾಮೆರಾ ಐತಿ, ಇಲ್ಲಿ ನಾ ಇದ್ದೀನಿ.

ಕೃಷ್ಣಾ ದಂಡಿ, ಜಮಖಂಡಿ ಕಡೆ

ನಮಸ್ಕಾರ ಎಲ್ಲಾರಿಗೂ. ನಂದು ಕಬ್ಬಿನ ಹೊಲ, ಆಟದ ಬಗ್ಗೆ ಅಷ್ಟು ತಿಳೀದು. ಮಗಳು ಒಂಬತ್ತನೇತ್ತೆ. ಮೂರು ಜಿಗಿತದಾಗ ತಾಲೂಕಿಗೆ ಎರಡನೇದು ಬಂದಾಳ. ಮಾಸ್ತರು ಭಾಳ ಹುರುಪಿನಿಂದ ಮುಂಜಾನಿ ಸಂಜಿ ಎರಡೂ ಹೊತ್ತು ಜಿಗಿಸ್ತಾರ. ಈಗ ಹಿಮ್ಮಡಿ ನೋವು ಅಂತಾಳ, ಮೊಣಕಾಲ ಕೆಳಗ ಮುಟ್ಟಿದ್ರ ಚೀರ್ತಾಳ. ಬಿಡಿಸಲೇನು? ಮನ್ಯಾಗ “ಸಾಕು, ಹತ್ತನೇತ್ತೆ ಬಂತು” ಅಂತ ಗಂಟು ಬಿದ್ದಾರ. ನನಗ ಬಿಡಿಸೂ ಮನಸಿಲ್ಲ.

ಎಲುಬು ಕೀಲು, ವಿಜಯಪುರ

ಕೃಷ್ಣಾ ದಂಡಿ ಅಣ್ಣಾವರೆ, ನಾನು ಫಿಸಿಯೊಥೆರಪಿಸ್ಟ್. ಇಲ್ಲಿ ಬರೆದದ್ದನ್ನು ನೋಡಿ ನಿಮ್ಮ ಮಗಳಿಗೆ ಏನಾಗಿದೆ ಎಂದು ಹೇಳಲಾರೆ, ಒಮ್ಮೆ ಎಲುಬಿನ ಡಾಕ್ಟರಿಗೆ ತೋರಿಸಿ. ಆದರೆ ಈ ವಯಸ್ಸಿನ ಜಿಗಿತಗಾರರಲ್ಲಿ ಹಿಮ್ಮಡಿ ಮತ್ತು ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬು ನೋಯುವುದು ನಾವು ಪದೇ ಪದೇ ನೋಡುವ ವಿಷಯ. ಮಕ್ಕಳು ಸರ್ರನೆ ಎತ್ತರ ಬೆಳೆಯುವಾಗ ಎಲುಬಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಭಾಗ ಇರುತ್ತದೆ. ಸ್ನಾಯು ಅದನ್ನು ಹಗಲೆಲ್ಲ ಎಳೆಯುತ್ತದೆ. ಅದರ ಮೇಲೆ ಗಟ್ಟಿ ನೆಲದ ಮೇಲೆ ಜಿಗಿದರೆ ನೋವು ಬಾರದೆ ಏನಾದೀತು?

ಟ್ರಿಪಲ್ ಜಂಪ್‌ನಲ್ಲಿ ನಡುವಿನ ಹೆಜ್ಜೆಗೆ ಕಾಲು ನೆಲ ಮುಟ್ಟುವ ಆ ಗಳಿಗೆಯಲ್ಲಿ ಮೈತೂಕದ ಹದಿನೈದು ಪಟ್ಟಿನವರೆಗೂ ಬಲ ಬೀಳುತ್ತದೆಂದು ಪ್ರಯೋಗಾಲಯದಲ್ಲಿ ಅಳೆದದ್ದುಂಟು. ಅದು ನುರಿತ, ವೇಗವಾಗಿ ಓಡಿ ಬರುವ ಆಟಗಾರರ ಲೆಕ್ಕ. ಮಕ್ಕಳದ್ದು ಅಷ್ಟಿರದು, ಆದರೂ ನಲವತ್ತು ಕಿಲೋ ಹುಡುಗಿಯ ಕಾಲಿಗೆ ಅದರ ಅರ್ಧವೂ ಸಣ್ಣದಲ್ಲ.

ಬಿಡಿಸಬೇಕಿಲ್ಲ. ನೋವು ಇಳಿಯುವ ತನಕ ಪೂರ್ತಿ ಓಟದ ಜಿಗಿತ ನಿಲ್ಲಿಸಿ. ಸೈಕಲ್ ತುಳಿಯಲಿ, ಈಜು ಬಂದರೆ ಈಜಲಿ, ಹೊಟ್ಟೆ ಸೊಂಟ ಗಟ್ಟಿ ಮಾಡುವ ವ್ಯಾಯಾಮ ಮಾಡಲಿ. ಮರಳಿ ಶುರು ಮಾಡುವಾಗ ನಾಲ್ಕೈದು ಹೆಜ್ಜೆಯ ಓಟದಿಂದ, ಹುಲ್ಲಿನ ಮೇಲೆ, ವಾರಕ್ಕೆ ಎರಡು ದಿನ ಸಾಕು. ಇನ್ನೊಂದು ಮಾತು ಮಾಸ್ತರರಿಗೆ: ಬೆಳೆಯುವ ಹುಡುಗಿಯನ್ನು ದಿನಕ್ಕೆ ಎರಡು ಹೊತ್ತು ಜಿಗಿಸಬೇಡಿ.

ರಕ್ತ ಪರೀಕ್ಷೆಯನ್ನೂ ಮಾಡಿಸಿ. ದಣಿವು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ ಇದ್ದರೆ ಕಬ್ಬಿಣಾಂಶ ಕಡಿಮೆ ಇರಬಹುದು. ಸಾಲಿಯಲ್ಲಿ ಕೊಡುವ ಗುಳಿಗೆಯನ್ನು ಹುಡುಗಿಯರು ಎಷ್ಟು ಸಲ ಕಿಟಕಿಯಿಂದ ಆಚೆ ಎಸೆಯುತ್ತಾರೋ ದೇವರೇ ಬಲ್ಲ.

ಪಿ.ಟಿ. ಮಾಸ್ತರ, ಬಾಗಲಕೋಟೆ ಜಿಲ್ಲೆ

ಡಾಕ್ಟರೇ, ಆ ಮಾಸ್ತರ ಮ್ಯಾಲ ಸಿಟ್ಟಾಗಬ್ಯಾಡ್ರಿ. ಕೂಟ ಹತ್ತಿರ ಬಂದಾಗ ನಮಗ ಒಂದು ತಿಂಗಳೂ ಸಿಗಂಗಿಲ್ಲ. ಗಣತಿ, ಪರೀಕ್ಷೆ, ಇಲಾಖೆ ಸಭೆ ಎಲ್ಲಾ ಮುಗಿಸಿ ಆಮ್ಯಾಲ ಮೈದಾನ. ಹಂಗಾಗಿ ಎಲ್ಲಾನೂ ಒಮ್ಮೆಲೇ ತುರುಕೂದು. ಆದ್ರ ನೀವು ಹೇಳಿದ್ದು ನಾನೂ ತಿಳ್ಕೋತೀನಿ, ಹುಲ್ಲಿನ ಮ್ಯಾಲ ಅನ್ನೂದು ವಿಶೇಷವಾಗಿ.

ನೆಲದ ವಿಷಯ ಬಂತಲ್ಲಾ. ನಮ್ಮಲ್ಲೆ ಅರ್ಧ ಸಾಲಿ ಮೈದಾನ ಎರಿ ಮಣ್ಣು. ಬ್ಯಾಸಗ್ಯಾಗ ಬಿರುಕು ಬಿಟ್ಟು ಕಾಲು ಸಿಗೂವಷ್ಟು ಸೀಳು, ಮಳಿಗಾಲದಾಗ ಶೂಗೆ ಅರ್ಧ ಕಿಲೋ ಮಣ್ಣು ಅಂಟತೈತಿ. ನಾವು ಮಸಾರಿ ಮಣ್ಣು ಟ್ರ್ಯಾಕ್ಟರ್‌ದಾಗ ತರಿಸಿ ನಲವತ್ತು ಮೀಟರ್ ಉದ್ದ ಹಾಸಿದೆವು. ಊರಿನ ಹಳೇ ವಿದ್ಯಾರ್ಥಿಗಳು ಬಾಡಿಗಿ ಕೊಟ್ರು. ನೀರು ಹೊಡದು, ರೋಲರ್ ಎಳದು, ಮ್ಯಾಲ ಸ್ವಲ್ಪ ಉಸುಕು ಚೆಲ್ಲಿದ್ರ ಚೊಲೊ ಓಡಬಹುದು. ಸಿಂಥೆಟಿಕ್ ಟ್ರ್ಯಾಕ್ ಬರೂ ತನಕ ಕಾಯ್ತಾ ಕುಂತ್ರ ಒಂದು ತಲೆಮಾರಿನ ಹುಡುಗ್ಯಾರ ವಯಸ್ಸು ಹೋಗತೈತಿ.

ಬಸ್ ಸ್ಟ್ಯಾಂಡ್ ಪಂಡಿತ, ವಿಜಯಪುರ

ಇಷ್ಟೆಲ್ಲಾ ಯಾಕ್ರಿ ತಲಿ ಕೆಡಿಸ್ಕೋತೀರಿ? ನಮ್ಮ ಜಿಲ್ಲಾದಾಗ ಸೈಕಲ್ ಐತಿ. ಕುಸ್ತಿ, ಕಬಡ್ಡಿ, ಖೋಖೋ ಐತಿ. ಅದರಾಗ ಹೋದ್ರ ಪೊಲೀಸ್ ಕೋಟಾ, ರೈಲ್ವೆ ಕೋಟಾ ಕಣ್ಣಿಗೆ ಕಾಣತೈತಿ. ಮೂರು ಜಿಗಿತ ಜಿಗಿದು ಯಾರ ಮನಿ ತುಂಬೈತಿ? ಭಾರತದವರು ಟೋಕಿಯೊ ಫೈನಲ್‌ದಾಗ ಇದ್ರೇನು? ಇಲ್ಲ. ಮುಂದ ಇರ್ತಾರೇನು? ಅದೂ ನೋಡೋಣು.

ಅಂಕಿ ಆಸಾಮಿ, ವಿಜಯಪುರ

ನಮ್ಮೂರಿನ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ತೆಗೆಯುವ ಮೊದಲು ಇದೇ ಬಸ್ ಸ್ಟ್ಯಾಂಡ್‌ನಲ್ಲಿ “ಹುಡುಗಿಗೆ ಕ್ರಿಕೆಟ್ ಯಾಕೆ” ಎನ್ನುವವರಿಗೆ ಬರವಿರಲಿಲ್ಲ, ಅಣ್ಣಾ.

ಭಾರತದ ಲೆಕ್ಕ ಹೇಳುತ್ತೇನೆ. ಕೇರಳದ ಮಯೂಖಾ ಜಾನಿ 2011ರಲ್ಲಿ ಕೋಬೆಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 14.11 ಜಿಗಿದು ಕಂಚು ಪಡೆದರು. 14 ಮೀಟರ್ ದಾಟಿದ ಭಾರತದ ಮೊದಲ ಮಹಿಳೆ ಅವರೇ. ಅದೇ ಕೂಟದಲ್ಲಿ ಉದ್ದ ಜಿಗಿತದ ಚಿನ್ನವೂ ಅವರದ್ದು. 14.11ಕ್ಕೂ ಟೋಕಿಯೊದ ಕಂಚಿಗೂ ಅಂತರ 65 ಸೆಂಟಿಮೀಟರ್. ಮಾಸ್ತರರು ಹೇಳಿದ ನಡುವಿನ ಹೆಜ್ಜೆಯ ಲೆಕ್ಕದಲ್ಲಿ ನೋಡಿದರೆ ಇದು ಆಕಾಶದ ಅಂತರವಲ್ಲ.

ಪುರುಷರಲ್ಲಿ ಏನಾಯಿತು ನೋಡಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಎಲ್ಡೋಸ್ ಪೌಲ್ 17.03, ಅಬ್ದುಲ್ಲಾ ಅಬೂಬಕರ್ 17.02. ಚಿನ್ನ, ಬೆಳ್ಳಿ ಎರಡೂ ನಮಗೆ, ನಡುವೆ ಒಂದೇ ಸೆಂಟಿಮೀಟರ್. ಮರುವರ್ಷ ಪ್ರವೀಣ್ ಚಿತ್ರವೇಲ್ ಹವಾನಾದಲ್ಲಿ 17.37. ಪುರುಷರಿಗೆ ಸಾಧ್ಯವಾದದ್ದು ಮಹಿಳೆಯರಿಗೆ ಯಾಕಾಗದು?

ಡೊಮಿನಿಕಾ ಎಂಬುದು ಸುಮಾರು ಎಪ್ಪತ್ತು ಸಾವಿರ ಜನರ ದ್ವೀಪ. ನಮ್ಮ ಒಂದು ತಾಲೂಕು ಕೇಂದ್ರದಷ್ಟು ಜನ. ಆ ದೇಶಕ್ಕೆ ಇತಿಹಾಸದ ಮೊದಲ ಒಲಿಂಪಿಕ್ ಪದಕ ಬಂದದ್ದೇ ಟ್ರಿಪಲ್ ಜಂಪ್‌ನಲ್ಲಿ. ಪ್ಯಾರಿಸ್ 2024, ಲಾಫಾಂಡ್, 15.02, ಅದೂ ಚಿನ್ನ. ಆಕೆ ಸಾಲಿಯಲ್ಲಿ ಪಾಠ ಹೇಳಿಕೊಂಡೇ ಅಭ್ಯಾಸ ಮಾಡಿದಾಕೆ, ಗಂಡನೇ ಕೋಚ್.

ಬಸ್ ಸ್ಟ್ಯಾಂಡ್ ಪಂಡಿತ, ವಿಜಯಪುರ

ಆಕಿ ಕಲತದ್ದು ಅಮೆರಿಕಾದಾಗ, ಅದನ್ನ ಯಾಕ ಹೇಳ್ಲಿಲ್ಲ? ದ್ವೀಪದಾಗ ಕುಂತು ಜಿಗಿದಿಲ್ಲ. ರೋಹಾಸ್ ಸೈತ ವೆನೆಜುವೆಲಾ ಬಿಟ್ಟು ಸ್ಪೇನ್‌ಗೆ ಹೋದಾಕಿ.

ಅಂಕಿ ಆಸಾಮಿ, ವಿಜಯಪುರ

ಹೌದು, ಸ್ಪೇನಿನ ಗ್ವಾದಲಹಾರಾ. ಹೇಗೆ ಹೋದಳು ಗೊತ್ತೇ? ಕ್ಯೂಬಾದ ಉದ್ದ ಜಿಗಿತದ ದಿಗ್ಗಜ ಇವಾನ್ ಪೆಡ್ರೊಸೊಗೆ ತಾನೇ ಫೇಸ್‌ಬುಕ್‌ನಲ್ಲಿ ಸಂದೇಶ ಕಳಿಸಿದಳು. ಅವರು ಬಾ ಎಂದರು. ನಮ್ಮ ಹುಡುಗಿಯರಿಗೆ ಸ್ಪೇನ್ ಬೇಕಿಲ್ಲ, ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಂಜು ಬಾಬಿ ಜಾರ್ಜ್ ಮತ್ತು ಅವರ ಪತಿ ರಾಬರ್ಟ್ ಬಾಬಿ ಜಾರ್ಜ್ ಅಲ್ಲೇ ತರಬೇತಿ ಕೊಡುತ್ತಾರೆ, ರಾಬರ್ಟ್ ಸ್ವತಃ ಟ್ರಿಪಲ್ ಜಂಪರ್ ಆಗಿದ್ದವರು. ಅವರ ಬಳಿ ಬೆಳೆದ ಝಾನ್ಸಿಯ ಶೈಲಿ ಸಿಂಗ್ 2021ರ ನೈರೋಬಿ ಕಿರಿಯರ ವಿಶ್ವ ಕೂಟದಲ್ಲಿ ಉದ್ದ ಜಿಗಿತದ ಚಿನ್ನ ತಪ್ಪಿಸಿಕೊಂಡದ್ದು ಒಂದು ಸೆಂಟಿಮೀಟರ್‌ನಿಂದ. ಗೆದ್ದ ಸ್ವೀಡನ್ನಿನ ಮಾಯಾ ಆಸ್ಕಾಗ್ ಅದೇ ಕೂಟದಲ್ಲಿ ಟ್ರಿಪಲ್ ಜಂಪ್ ಚಿನ್ನವನ್ನೂ ಒಯ್ದಳು. ಉದ್ದ ಜಿಗಿತದ ಹುಡುಗಿಗೆ ಎರಡೂ ಕಲಿಸಿ ಎಂದು ಅದಕ್ಕೇ ಹೇಳುವುದು.

ಗೋಕಾಕ ಫಾಲ್ಸ್, ಬೆಳಗಾವಿ ಜಿಲ್ಲೆ

ಪಂಡಿತರ, ಬೆಳಗಾವಿಯ ಫಡೆಪ್ಪ ಚೌಗುಲೆ 1920ರಾಗ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೇ ಸ್ಥಾನಕ್ಕ ಬಂದ್ರು. ಆಗ ಯಾವ ಕೋಟಾ ಇತ್ತು? ನಮ್ಮ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನ್ಯಾಗ ಕುರಾಶ್ ಅನ್ನೂ ಆಟದಾಗ ಕಂಚು ತಂದಾಗ, ಆ ಆಟದ ಹೆಸರು ಕೇಳಿದವರೇ ಊರಾಗ ಇರಲಿಲ್ಲ.

ಬಸ್ ಸ್ಟ್ಯಾಂಡ್ ಪಂಡಿತ, ವಿಜಯಪುರ

ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಕರ್ನಾಟಕದ ಹುಡುಗಿ ಐಶ್ವರ್ಯಾ ಬಾಬು ವಿಷಯ ಯಾರೂ ಎತ್ತವಲ್ರಿ. 2022ರಾಗ ಚೆನ್ನೈದಾಗ 14.14 ಜಿಗಿದ್ಲು ಅಂತ ನಾವೆಲ್ಲಾ ಕುಣದ್ವಿ. ಆಮ್ಯಾಲ?

ಎಲುಬು ಕೀಲು, ವಿಜಯಪುರ

ಆಮೇಲೆ ಆ ಕೂಟದಲ್ಲಿ ತೆಗೆದ ಮೂತ್ರದ ಮಾದರಿಯಲ್ಲಿ ಒಸ್ಟಾರಿನ್ ಎಂಬ, ಸ್ನಾಯು ಬೆಳೆಸುವ ನಿಷಿದ್ಧ ಮದ್ದು ಸಿಕ್ಕಿತು, ಮರುವರ್ಷ ನಾಲ್ಕು ವರ್ಷದ ನಿಷೇಧವಾಯಿತು. ಎತ್ತಬೇಕಾದ ವಿಷಯವೇ, ಆದರೆ ಆಕೆಯನ್ನು ಬೈಯಲು ಅಲ್ಲ. ಜಿಮ್‌ಗಳಲ್ಲಿ ಲೇಬಲ್ ಇಲ್ಲದ ಪುಡಿ, “ನೋವಿಗೆ ಚಲೋ ಗುಳಿಗೆ” ಎಂದು ಗೆಳೆಯರು ಕೊಡುವ ಸ್ಟ್ರಿಪ್, ಇವು ತಾಲೂಕು ಊರುಗಳಿಗೂ ಬಂದಿವೆ. ಯಾವ ಔಷಧ ನಿಷಿದ್ಧ ಎಂದು ನೋಡಲು ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್ ಇದೆ. ಕೂಟಕ್ಕೆ ಹೋಗುವ ಹುಡುಗಿ ಯಾವ ಡಾಕ್ಟರ ಬಳಿ ಹೋದರೂ “ನಾನು ಅಥ್ಲೀಟ್” ಎಂದು ಮೊದಲು ಹೇಳಬೇಕು. ಪುಡಿ ಗಿಡಿ ಬೇಡವೇ ಬೇಡ. ಶೇಂಗಾ, ಮೊಳಕೆ ಕಾಳು, ಹಾಲು, ತಿನ್ನುವ ಮನೆಯಾದರೆ ತತ್ತಿ, ಜೊತೆಗೆ ಹೊಟ್ಟೆ ತುಂಬ ರೊಟ್ಟಿ. ಅದನ್ನೇ ಎಷ್ಟೋ ಹುಡುಗಿಯರು ಮುಂಜಾನೆ ತಿನ್ನದೇ ಮೈದಾನಕ್ಕೆ ಬರುತ್ತಾರೆ.

ಕೃಷ್ಣಾ ದಂಡಿ, ಜಮಖಂಡಿ ಕಡೆ

ಡಾಕ್ಟರೇ, ನಾಳೆ ಬಾಗಲಕೋಟಿಗೆ ಕರ್ಕೊಂಡು ಹೋಗ್ತೀನಿ. ಮತ್ತ ಒಂದು ಕೇಳೂದಿತ್ತು. ಈಕೀಗೆ ಹೋದ ಕೂಟದಾಗ ತೊಡಿ ಹಿಂದ ಪೂರ್ತಿ ತರಚಿತ್ತು. ಉಸುಕಿನ್ಯಾಗ ಬಿದ್ರೂ ಹಂಗ್ಯಾಕ ಆಗತೈತಿ?

ಸುಣ್ಣದ ಗೆರಿ, ಬಾಗಲಕೋಟೆ

ಎಂ-ಸ್ಯಾಂಡ್ ಹಾಕಿರ್ತಾರ ಅಣ್ಣಾ. ಹೊಳಿ ಉಸುಕು ದುಬಾರಿ, ಪರವಾನಗಿ ಕಿರಿಕಿರಿ ಬ್ಯಾರೆ. ಕಲ್ಲು ಒಡದ ಪುಡಿಗೆ ಮೂಲಿ ಚೂಪು ಇರತಾವು, ಚರ್ಮ ಕೀಳತೈತಿ. ಮ್ಯಾಲ ಅದು ನೀರು ಬಿದ್ದು ಒಣಗಿದ್ರ ಫರಸಿ ಆಗತೈತಿ. ಹೊಳಿ ಉಸುಕೇ ಬೇಕು, ಇಲ್ಲಾಂದ್ರ ಚೊಲೊ ತೊಳದು ಸೋಸಿದ್ದು. ಪ್ರತಿ ಜಿಗಿತದ ಮುಂಚೆ ಸಲಿಕಿ ಹಾಕಿ ಸಡಿಲ ಮಾಡಿ, ಬೋರ್ಡಿನ ಮಟ್ಟಕ್ಕ ಸವರಬೇಕು. ಈ ಕೆಲಸಕ್ಕ ಹುಡುಗರನ್ನ ನಿಲ್ಲಿಸಿದ್ರ ಎರಡು ಜಿಗಿತಕ್ಕ ಬ್ಯಾಸರಾಗಿ ಓಡಿ ಹೋಗ್ತಾರ, ಅದೂ ಖರೇ.

ಹಳೇ ಸ್ಪೈಕ್ಸ್, ಬೆಳಗಾವಿ

ಉಸುಕಿಗಿಂತ ದೊಡ್ಡದು ಇನ್ನೊಂದು ಐತಿ, ಅದನ್ನ ಇಷ್ಟೊತ್ತು ಯಾರೂ ಹೇಳ್ಲಿಲ್ಲ. ಬೋರ್ಡ್ ಎಲ್ಲಿ ಹಾಕ್ತೀರಿ? ಅಂತರರಾಷ್ಟ್ರೀಯ ಕೂಟದಾಗ ಮಹಿಳೆಯರ ಬೋರ್ಡಿಂದ ಉಸುಕಿಗೆ ಕಮ್ಮಿ ಅಂದ್ರೂ 11 ಮೀಟರ್, ಗಂಡಸರದು 13. ಕೆಳಗಿನ ಕೂಟಕ್ಕ ಆಯಾ ಮಟ್ಟಕ್ಕ ತಕ್ಕಂಗ ಇಡ್ರಿ ಅಂತ ನಿಯಮನೇ ಹೇಳತೈತಿ. ನಮ್ಮಲ್ಲೆ ಹುಡುಗರಿಗೆ ಹಾಕಿದ 9 ಮೀಟರ್ ಗೆರಿ ಮ್ಯಾಲೇ ಹುಡುಗ್ಯಾರನ್ನೂ ಜಿಗಿಸ್ತಾರ. ಹೊಸಾ ಹುಡುಗಿ ಒಟ್ಟು ಜಿಗಿಯೂದೇ 9 ಮೀಟರ್! ಮೊದಲೆರಡು ಸೇರಿ ಆರು ಮೀಟರ್ ಆಸುಪಾಸು ಬರತೈತಿ, ಮೂರನೇದಕ್ಕ ಉಸುಕಿನ ಅಂಚಿಗೇ ಬೀಳ್ತಾಳ. ಅಂಚಿನಾಗ ಇಟ್ಟಿಗಿನೋ ಕಟ್ಟಿಗಿನೋ ಇರತೈತಿ. ಒಮ್ಮೆ ಹಂಗ ಬಿದ್ದಾಕಿ ಮುಂದ ಜನ್ಮದಾಗ ನಡುವಿನ ಹೆಜ್ಜೆ ಹಾರಂಗಿಲ್ಲ, ನಡುವಿನ್ಯಾಗೇ ಅಳತಿ ನೋಡಿ ಸಣ್ಣ ಮಾಡ್ತಾಳ. ಮಾಸ್ತರ ಮೊದಲು ಕೇಳಿದ್ದಕ್ಕ ಅರ್ಧ ಉತ್ತರ ಇಲ್ಲೇ ಐತಿ. ಅಂಜಿಕಿ ಕಾಲಾಗಿಂದಲ್ಲ, ಆ ಇಟ್ಟಿಗಿದು.

7 ಮೀಟರಿಗೆ ಒಂದು ಗೆರಿ ಹಾಕ್ರಿ. 9 ಮೀಟರಿಂದು ಬ್ಯಾರೆ ಇರ್ಲಿ. ಹುಡುಗಿ ತನಗ ಯಾವುದು ಬೇಕೋ ಮುಂಚೇನೇ ಹೇಳಲಿ. ಅಳತಿ ಹೆಂಗೂ ಅವರವರ ಬೋರ್ಡಿಂದನೇ.

ಪಿ.ಟಿ. ಮಾಸ್ತರ, ಬಾಗಲಕೋಟೆ ಜಿಲ್ಲೆ

ಅಕ್ಕಾರ, ಇದು ಕಣ್ಣಿಗೆ ಹೊಡದಂಗಾತು. ನಮ್ಮ ಸಾಲ್ಯಾಗ 7 ಮೀಟರ್ ಗೆರಿ ನಾಳೇನೇ ಹಾಕ್ತೀನಿ. ಆದ್ರ ತಾಲೂಕ ಕೂಟದಾಗ ಕೇಳಿದ್ರ “ಎಲ್ಲಾರಿಗೂ ಒಂದೇ ಬೋರ್ಡ್” ಅಂತಾರಲ್ಲಾ?

ಬಸ್ ಸ್ಟ್ಯಾಂಡ್ ಪಂಡಿತ, ವಿಜಯಪುರ

ಒಂದೇ ಅಂದ್ರ ಒಂದೇನಾ? ಹೈಸ್ಕೂಲ್ ಹುಡುಗರ ಶಾಟ್‌ಪುಟ್ ಗುಂಡು, ಹುಡುಗ್ಯಾರ ಗುಂಡು ಒಂದೇ ತೂಕ ಐತೇನು? ಅದನ್ನ ಕೇಳ್ರಿ ಅವರಿಗೆ.

ಸುಣ್ಣದ ಗೆರಿ, ಬಾಗಲಕೋಟೆ

ಪಂಡಿತರು ಅಪರೂಪಕ್ಕ ಪಾಯಿಂಟ್ ಹಾಕ್ಯಾರ. ಮಾಸ್ತರ, ಕೂಟದ ದಿನ ಮುಂಜಾನಿ ಕೇಳಿದ್ರ ಯಾರೂ ಒಪ್ಪಂಗಿಲ್ಲ, ಗೆರಿ ಹಾಕಿ ಮುಗದಿರತೈತಿ. ಮುಂಚಿನ ಸಭೆ ನಡಿಯೂವಾಗ ಬರದು ಕೊಡ್ರಿ, ನಾಲ್ಕೈದು ಸಾಲಿ ಮಾಸ್ತರು ಕೂಡಿ ಸಹಿ ಮಾಡಿದ್ರ ಇನ್ನೂ ಚೊಲೊ. ಹುಡುಗ್ಯಾರ ಟ್ರಿಪಲ್ ಜಂಪ್ ಹುಡುಗರದಕ್ಕಿಂತ ಮೊದಲು ಮುಗಿಸ್ರಿ ಅಂತಾನೂ ಬರೀರಿ, ಇಲ್ಲಾಂದ್ರ ಸಂಜಿ ಹೊತ್ತಿಗೆ ಉಸುಕು ಉಳದಿರಂಗಿಲ್ಲ. ಕಲಾದಗಿ ಕಡೆ ಕೂಟ ಇದ್ರ ನನಗ ಹೇಳ್ರಿ, ಟೇಪ್, ಬಾವುಟ, ಎರಡು ಸಲಿಕಿ ನನ್ನ ಕಡೆ ಅದಾವು.